ಚಾಟ್ ಸಂದೇಶ ಮತ್ತು ಅರ್ಜಿ: ಸಾರ್ವಜನಿಕರ ಗಮನಕ್ಕೆ

ಕಚೇರಿಗಳ ಒಳವ್ಯವಹಾರವು ಇತ್ತೀಚೆಗೆ ಬಹುಮಟ್ಟಿಗೆ ಚಾಟ್ ಗುಂಪುಗಳಲ್ಲಿ ನಡೆಯುತ್ತಿದೆ. ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್ ಮುಂತಾದ ತಂತ್ರಾಂಶಗಳಲ್ಲಿ ಗುಂಪಿನ ಸಂದೇಶವೊಂದನ್ನು ಹೊಣೆಗಾರರ ಹೆಸರು ಹಾಗೂ ಗಡುವಿನೊಂದಿಗೆ ಕಾರ್ಯಪಟ್ಟಿಗೆ ಸೇರಿಸಬಹುದಾಗಿದೆ. ಈ ಕೆಲಸವು ತಾನಾಗಿಯೇ ನಡೆಯುವಂತೆಯೂ ಮಾಡಲಾಗುತ್ತಿದೆ. ಆದರೆ "ನಾಳೆ ನೋಡೋಣ" ಎಂಬುದು ಆಶ್ವಾಸನೆಯೋ ಸಾಗಹಾಕುವ ಮಾತೋ ಎಂದು ಎದುರಿಗಿರುವವರಿಗೇ ತಿಳಿಯದಿರುವಾಗ, ಯಂತ್ರವು ಅದರಿಂದ ಗಡುವನ್ನು ಗೊತ್ತುಪಡಿಸುವುದು ಸುಲಭವಲ್ಲ.

ಸೇವೆ ಕೋರುವ ನಾಗರಿಕರಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಕಾರ್ಯಪಟ್ಟಿಯು ಕಚೇರಿಯ ಅನುಕೂಲಕ್ಕಾಗಿ ಇರುವಂಥದು. ಅದಕ್ಕೆ ಸೇರಿದ ಮಾತ್ರಕ್ಕೆ ಸಂದೇಶವು ಅರ್ಜಿಯಾಗುವುದಿಲ್ಲ. ಕರ್ನಾಟಕದಲ್ಲಿ 'ಸಕಾಲ' ಎಂದು ಪರಿಚಿತವಾದ 2011ರ ಸೇವಾ ಖಾತರಿ ಅಧಿನಿಯಮವು 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿದ್ದು, ಅದರನ್ವಯ ಅಧಿಸೂಚಿತ ಸೇವೆಗಳ ಅರ್ಜಿಗೆ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆ ನೀಡಲಾಗುತ್ತದೆ. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳ ಪರಿಹಾರವಾಗಲಿ, ಮೇಲ್ಮನವಿಯಾಗಲಿ ಈ ಸಂಖ್ಯೆಯನ್ನೇ ಅವಲಂಬಿಸಿದೆ. ಸಿಬ್ಬಂದಿಯ ಮೊಬೈಲಿಗೆ ದಾಖಲೆಗಳ ಚಿತ್ರ ಕಳುಹಿಸಿ, ನೀಲಿ ಗುರುತುಗಳನ್ನು ಕಂಡು ನಿಶ್ಚಿಂತರಾದವರ ಪಾಲಿಗೆ ಕಾಲಮಿತಿಯು ಆರಂಭವೇ ಆಗಿರುವುದಿಲ್ಲ. ಆದುದರಿಂದ ಸದರಿ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಅರ್ಜಿ ಸಲ್ಲಿಸಿದ ದಿನವೇ ಕೇಳಿ ಪಡೆಯತಕ್ಕದ್ದು.