ಮೂರೂ ನಾಲ್ಕೂ ಕೂಡಿದರೆ ಐದು

ಬೇಸಗೆ ಬಂತೆಂದರೆ ತೋಟಗಳ ಕಡೆಯಿಂದ ಕೇಳಿಬರುವ ದೂರು ಒಂದೇ: ವೋಲ್ಟೇಜು ಇಳಿಯಿತು, ಮೋಟಾರು ಗುಂಯ್‌ಗುಡುತ್ತದೆ, ನೀರು ಏರದು, ಕೊನೆಗೊಂದು ದಿನ ಟ್ರಾನ್ಸ್‌ಫಾರ್ಮರೇ ಸುಟ್ಟಿತು. ತಪ್ಪೆಲ್ಲವೂ ವಿದ್ಯುತ್ ಇಲಾಖೆಯದೆನ್ನುವವರುಂಟು. ಇಲಾಖೆಯ ಪಾಲು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಪಂಪುಗಳ ಪಾಲೂ ಇದೆ. ಅದನ್ನು ರೈತಬಾಂಧವರು ಲೆಕ್ಕ ಹಾಕಿಯೇ ನೋಡಬೇಕು.

ನಮ್ಮ ತಂತಿಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದು ತೂಗುತ್ತದೆ. ಮೋಟಾರಿನ ಸುರುಳಿಯಲ್ಲಿ ಪ್ರವಾಹವು ವೋಲ್ಟೇಜಿನ ಜೊತೆಜೊತೆಗೆ ನಡೆಯದೆ ಸ್ವಲ್ಪ ಹಿಂದೆ ಬೀಳುತ್ತದೆ. ಈ ಹಿಂದೆ ಬೀಳುವುದನ್ನು ಕೋನವಾಗಿ ಬರೆದು, ಗೆರೆಗಳಿಂದ ಕೂಡಿಸಿ ಕಳೆಯುವ ಸುಲಭೋಪಾಯವನ್ನು 1893ರಲ್ಲಿ ಷಿಕಾಗೋ ನಗರದ ಸಮ್ಮೇಳನದಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಎಂಬ ಎಂಜಿನಿಯರು ತೋರಿಸಿಕೊಟ್ಟರು. ಗೆರೆಗೆ ಫೇಸರ್ ಎಂದೂ, ಸುರುಳಿ ಒಡ್ಡುವ ಒಟ್ಟು ತಡೆಗೆ ಇಂಪೆಡೆನ್ಸ್ ಎಂದೂ ಹೆಸರು. ಹೆಸರು ಕೇಳಿ ಹೆದರಬೇಕಾಗಿಲ್ಲ. ಮನೆಯ ಪಾಯ ಗುರುತಿಸುವಾಗ ಗಾರೆಯವನು ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಅಳೆದು, ತುದಿಯಿಂದ ತುದಿಗೆ ಐದಡಿ ಬಂದರೆ ಮೂಲೆ ಸರಿಯಾಯಿತೆನ್ನುತ್ತಾನೆ. ಇಲ್ಲಿಯೂ ಅದೇ ಲೆಕ್ಕ. ಸುರುಳಿಯ ತಂತಿಯ ತಡೆ 3 ಓಮ್, ಅದರ ಕಾಂತಗುಣದ ತಡೆ 4 ಓಮ್ ಇದ್ದರೆ ಒಟ್ಟು 7 ಅಲ್ಲ, 5.

ಐದು ಅಶ್ವಶಕ್ತಿಯ ಮೋಟಾರು ಸುಮಾರು 4 ಕಿಲೋವಾಟ್ ಎಳೆಯುತ್ತದೆನ್ನಿ. ನೀರೆತ್ತುವುದು ಇದೇ. ಇದರ ಜೊತೆಗೆ ಕಾಂತವನ್ನು ಹುಟ್ಟಿಸುವುದಕ್ಕಾಗಿ 3ರಷ್ಟು ಶಕ್ತಿ ತಂತಿಯಲ್ಲಿ ಹೋಗಿ ಬಂದು ಮಾಡುತ್ತಿರುತ್ತದೆ. ಹೇರಿಲ್ಲದ ಬಂಡಿ ಓಡಾಡಿದರೂ ದಾರಿ ಸವೆಯುವುದು ತಪ್ಪದಷ್ಟೆ? ಆದುದರಿಂದ ಟ್ರಾನ್ಸ್‌ಫಾರ್ಮರು ಹೊರಬೇಕಾದ ಹೊರೆ 5. ಮೋಟಾರಿನ ಬಳಿ 2 ಕೆವಿಎಆರ್‌ನ ಕೆಪಾಸಿಟರ್ ಕೂಡಿಸಿದರೆ ಆ 3ರಲ್ಲಿ 2 ಅಲ್ಲಲ್ಲಿಯೇ ತೀರುತ್ತದೆ. ತಂತಿಗೆ ಉಳಿಯುವುದು 1. ಆಗ 4ಕ್ಕೂ 1ಕ್ಕೂ ಮೂಲೆ ಹಿಡಿದು ಅಳೆದರೆ ಹೊರೆ 4.12 ಮಾತ್ರ. ತಂತಿ ಕಾಯುವುದು ಪ್ರವಾಹದ ವರ್ಗದಂತೆ. ಆ ಮೋಟಾರೊಂದೇ ಇರುವ ತಂತಿಯಲ್ಲಾದರೆ ನಷ್ಟ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಇಳಿಯಿತು!

ಹಾಗಿದ್ದೂ ನಮ್ಮವರು ಇದನ್ನು ಏಕೆ ಹಾಕಿಸುವುದಿಲ್ಲ? ಹಲವರಿಗೆ ಪಂಪಿನ ವಿದ್ಯುತ್ತು ಪುಕ್ಕಟೆ. ಬಿಲ್ಲೇ ಇಲ್ಲದಮೇಲೆ ಖರ್ಚೇಕೆ ಎಂಬ ವಾದ. ಈ ವಾದ ನಮಗೆ ಒಪ್ಪಿಗೆಯಿಲ್ಲ. ಮೀಟರಿರುವವರಿಗೂ ಬಿಲ್ಲು ಅಷ್ಟೇನೂ ಇಳಿಯದೆಂಬುದು ನಿಜ, ಏಕೆಂದರೆ ಸಾಮಾನ್ಯ ಮೀಟರು ಎಣಿಸುವುದು ಆ 4ನ್ನು ಮಾತ್ರ. (ಮನೆಯ ಬಿಲ್ಲು ಅರ್ಧವಾಗುವುದೆಂದು ಪೆಟ್ಟಿಗೆ ಮಾರುವವರನ್ನು ನಂಬದಿರುವುದೂ ಇದೇ ಕಾರಣದಿಂದ ಲೇಸು.) ಇಲ್ಲಿರುವ ಲಾಭ ವೋಲ್ಟೇಜಿನದು. ಕೊನೆಯ ಕಂಬದ ರೈತನಿಗೆ ವೋಲ್ಟೇಜು ಇಳಿದಂತೆ ಅವನ ಮೋಟಾರು ಇನ್ನಷ್ಟು ಪ್ರವಾಹ ಎಳೆಯುತ್ತದೆ. ಅದರಿಂದ ವೋಲ್ಟೇಜು ಮತ್ತೂ ಇಳಿಯುತ್ತದೆ. ಸುರುಳಿ ಸುಡುವುದು ಆಗಲೇ. ಒಬ್ಬನೇ ಹಾಕಿಸಿದರೆ ಈ ಲಾಭ ಕಣ್ಣಿಗೆ ಕಾಣದು. ಆದುದರಿಂದ ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿನ ರೈತರೆಲ್ಲ ಒಟ್ಟಾಗಿ, ಬೇಸಗೆಗೆ ಮುಂಚೆಯೇ ಹಾಕಿಸಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಸುಟ್ಟ ಮೋಟಾರಿಗೆ ಒಂದು ಸಲ ಸುರುಳಿ ಸುತ್ತಿಸುವ ಕೂಲಿಯೊಡನೆ ಇದರ ಬೆಲೆಯನ್ನು ಹೋಲಿಸಿ ನೋಡಲಿ.

ಬಲ್ಲ ಮಿಸ್ತ್ರಿಯಿಂದಲೇ ಮಾಡಿಸಬೇಕು. ಸ್ಟಾರ್ಟರನ್ನು ಒತ್ತಿದಾಗ ಮೋಟಾರಿನೊಡನೆ ಕೂಡಿಕೊಂಡು, ನಿಲ್ಲಿಸಿದಾಗ ಅದರೊಡನೆಯೇ ಬಿಟ್ಟುಕೊಳ್ಳುವಂತೆ ಜೋಡಣೆಯಿರಬೇಕು. ದೊಡ್ಡದು ಹಾಕಿದರೆ ಹೆಚ್ಚು ಒಳ್ಳೆಯದೆಂದು ತಿಳಿಯಬಾರದು, ಅಳತೆ ಮೀರಿದರೆ ಮೋಟಾರಿಗೇ ಕೇಡು. ಮೋಟಾರು ನಿಂತಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ತು ಉಳಿದಿರುವುದರಿಂದ ಕೂಡಲೇ ಅದಕ್ಕೆ ಕೈಹಾಕಕೂಡದು.