ಆರ್ಥಿಕ ಹಿಂಜರಿತ ಬಂದರೆ ಭೂಮಿಗೆ ಒಳ್ಳೆಯದೇ?

“ಕಾರ್ಖಾನೆ ನಿಂತರೆ ಹೊಗೆಯೂ ನಿಲ್ಲುತ್ತದೆ, ಆರ್ಥಿಕ ಹಿಂಜರಿತ ಬಂದರೆ ಭೂಮಿ ಉಳಿಯುತ್ತದೆ” ಎಂಬ ಮಾತನ್ನು ನೀವೂ ಕೇಳಿರಬಹುದು. 2020ರ ಲಾಕ್‌ಡೌನ್‌ನಲ್ಲಿ ತಿಳಿಯಾದ ಆಕಾಶದ ಚಿತ್ರಗಳು ಮೊಬೈಲ್‌ಗಳಲ್ಲಿ ಹರಿದಾಡಿದ ಮೇಲಂತೂ ಹಲವರು ಇದನ್ನು ನಂಬಿದ್ದಾರೆ. ಆದರೆ ಈ ಮಾತು ಅರ್ಧಸತ್ಯ.

ಹೊಗೆ ಇಳಿಯುವುದು ನಿಜವೇ?

ನಿಜ, ಆದರೆ ಸ್ವಲ್ಪ ಕಾಲ ಮಾತ್ರ. 2008ರ ಜಾಗತಿಕ ಬಿಕ್ಕಟ್ಟಿನ ನಂತರ, 2009ರಲ್ಲಿ ಕಲ್ಲಿದ್ದಲು, ತೈಲ, ಅನಿಲಗಳಿಂದ ಬರುವ ಇಂಗಾಲದ ಡೈಆಕ್ಸೈಡ್ ಜಗತ್ತಿನಾದ್ಯಂತ ಶೇ 1ರಿಂದ 2ರಷ್ಟು ಇಳಿಯಿತು. 2010ರಲ್ಲಿ ಶೇ 5ಕ್ಕೂ ಹೆಚ್ಚು ಏರಿತು. 2020ರಲ್ಲಿ ಸುಮಾರು ಶೇ 5ರಷ್ಟು ಇಳಿದದ್ದು ಮರುವರ್ಷವೇ ಬಹುಪಾಲು ವಾಪಸಾಯಿತು. ಜನರ ಖರ್ಚು ಕಡಿಮೆಯಾಗಿತ್ತೇ ಹೊರತು ವಿದ್ಯುತ್ ಸ್ಥಾವರ, ಲಾರಿ, ಕುಲುಮೆಗಳು ಬದಲಾಗಿರಲಿಲ್ಲ.

ಹಾಗಾದರೆ ಏಟು ಬೀಳುವುದು ಎಲ್ಲಿಗೆ?

ಹವಾಮಾನ ನೀತಿಗಳಿಗೆ. ಬಿಸಿಲು ಪುಕ್ಕಟೆ ಸಿಗುತ್ತದೆ, ಆದರೆ ಸೌರ ಸ್ಥಾವರ ಕಟ್ಟಲು ಹಣವೆಲ್ಲ ಮೊದಲೇ ಬೇಕು. ಹಿಂಜರಿತದಲ್ಲಿ ಸಾಲ ಸಿಗುವುದು ಕಷ್ಟ, ಸರ್ಕಾರದ ಬೊಕ್ಕಸವೂ ಬರಿದಾಗುತ್ತದೆ.

ಸ್ಪೇನ್ ಇದಕ್ಕೆ ಉದಾಹರಣೆ. ಸೌರ ವಿದ್ಯುತ್ತಿಗೆ 25 ವರ್ಷ ಹೆಚ್ಚಿನ ದರ ಕೊಡುವುದಾಗಿ 2007ರಲ್ಲಿ ಸರ್ಕಾರ ಹೇಳಿತು. ಸ್ಥಾವರಗಳು ನಾಯಿಕೊಡೆಗಳಂತೆ ಎದ್ದವು. ಆದರೆ ಗ್ರಾಹಕರ ಬಿಲ್ಲಿನಿಂದ ಬಂದ ಹಣ ವೆಚ್ಚಕ್ಕೆ ಸಾಲದೆ ವಿದ್ಯುತ್ ವಲಯದ ಸಾಲ ಬೆಳೆಯಿತು. 2008ರಲ್ಲೇ ದರ ಇಳಿಸಿ ಮಿತಿ ಹೇರಲಾಯಿತು. 2012ರ ಜನವರಿಯಲ್ಲಿ ಹೊಸ ಸ್ಥಾವರಗಳಿಗೆ ನೆರವು ನಿಂತೇಹೋಯಿತು. ಆಗ ಆ ದೇಶದಲ್ಲಿ ದುಡಿಯಲು ಸಿದ್ಧರಿದ್ದವರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ.

ಯುರೋಪ್ ಒಕ್ಕೂಟದಲ್ಲಿ ಕಾರ್ಖಾನೆಗಳು ತಾವು ಹೊರಬಿಡುವ ಪ್ರತಿ ಟನ್ ಇಂಗಾಲಕ್ಕೂ ಪರವಾನಗಿ ಹೊಂದಿರಬೇಕು. ಹಿಂಜರಿತದಲ್ಲಿ ಉತ್ಪಾದನೆ ಕುಸಿದು ಪರವಾನಗಿಗಳು ರಾಶಿಯಾಗಿ ಉಳಿದವು. 2008ರ ಮಧ್ಯದಲ್ಲಿ 30 ಯೂರೊ ಹತ್ತಿರವಿದ್ದ ಬೆಲೆ 2013ರಲ್ಲಿ 5 ಯೂರೊಗಿಂತ ಕೆಳಗಿಳಿಯಿತು. ಮಾಲಿನ್ಯ ಅಗ್ಗವಾದಾಗ ಕಲ್ಲಿದ್ದಲು ಬಿಡುವ ಅವಸರ ಯಾರಿಗಿರುತ್ತದೆ? ಹೆಚ್ಚುವರಿ ಪರವಾನಗಿಗಳನ್ನು ಮಾರುಕಟ್ಟೆಯಿಂದ ತೆಗೆದಿಡುವ ಕಾಯಂ ವ್ಯವಸ್ಥೆ ಜಾರಿಗೆ ಬಂದದ್ದು 2019ರಲ್ಲಿ.

ಎಲ್ಲ ಕಡೆಯೂ ಹೀಗೇ ಆಯಿತೇ?

ಇಲ್ಲ. ಅಮೆರಿಕ 2009ರ ಆರ್ಥಿಕ ಚೇತರಿಕೆ ಕಾಯ್ದೆಯಲ್ಲಿ ಸುಮಾರು 90 ಶತಕೋಟಿ ಡಾಲರ್ ಅನ್ನು ಶುದ್ಧ ಇಂಧನಕ್ಕೆ ಮೀಸಲಿಟ್ಟಿತು. ಭಾರತ 2010ರ ಜನವರಿಯಲ್ಲಿ, ಬಿಕ್ಕಟ್ಟಿನ ಬಿಸಿ ಆರುವ ಮೊದಲೇ, ರಾಷ್ಟ್ರೀಯ ಸೌರ ಮಿಷನ್ ಆರಂಭಿಸಿತು. 2022ಕ್ಕೆ 20,000 ಮೆಗಾವಾಟ್ ಅದರ ಗುರಿ. ಸೌರಫಲಕಗಳ ಬೆಲೆ ಕುಸಿದದ್ದೂ ನೆರವಾಗಿ 2018ರಲ್ಲೇ ಆ ಗುರಿ ಮುಟ್ಟಿತು.

ಹಾಗಾಗಿ ಭೂಮಿಯನ್ನು ಹಿಂಜರಿತ ಉಳಿಸುವುದಿಲ್ಲ, ಕೈಗೆ ಹಣ ಬಂದ ಕೂಡಲೇ ಹೊಗೆಯೂ ಮರಳುತ್ತದೆ. ಕಷ್ಟಕಾಲದಲ್ಲೂ ಮುರಿಯದ ಹಾಗೆ ನೀತಿಯನ್ನು ರೂಪಿಸಿದ್ದರೆ ಮಾತ್ರ ಲಾಭ ಉಳಿಯುತ್ತದೆ. ಮುಂದೆ ಇಂಥ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಮರುವರ್ಷ ಏನಾಯಿತು?