ಪದಪಟ್ಟಿಗೆ ಒಂದೇ ಮನೆ ಸಾಲದು

ದಿಂಡಿಗಲ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಬೀಗ ಮತ್ತು ಬಿರಿಯಾನಿ. ಚರಿತ್ರೆ ಓದಿದವರಾದರೆ 1755ರಲ್ಲಿ ಅಲ್ಲಿ ಫೌಜುದಾರನಾದ ಹೈದರಾಲಿಯ ಹೆಸರು ಹೇಳಿಯಾರು. ಅಲ್ಲಿಂದ ತೇನಿ, ಕಂಬಂ ಕಣಿವೆಯವರೆಗೂ ಮನೆಯೊಳಗೆ ಕನ್ನಡ ಆಡುವ ಜನ ಇದ್ದಾರೆ ಎಂಬುದು ಎಷ್ಟು ಮಂದಿಗೆ ಗೊತ್ತು? ಅಲ್ಲಿ ಕಪ್ಪಿಲಿಯರು ಎಂದು ಕರೆಸಿಕೊಳ್ಳುವ ಒಕ್ಕಲಿಗರು ತಲೆಮಾರುಗಳಿಂದ ಈ ಮಾತು ಉಳಿಸಿಕೊಂಡಿದ್ದಾರೆ. ಓದುಬರಹ ತಮಿಳಿನಲ್ಲಿ, ಅಡುಗೆಮನೆಯ ಮಾತು ಕನ್ನಡದಲ್ಲಿ. ಗಡಿಯಾಚೆ ಕನ್ನಡ ಕಲಿಸುವ ನಮಗೆ ಕಡೇಪಕ್ಷ ಪಠ್ಯಪುಸ್ತಕ, ಕರಿಹಲಗೆ ಇವೆ. ಅವರಿಗೆ ಅಜ್ಜಿಯ ಬಾಯೇ ನಿಘಂಟು.

ಆ ಮಾತನ್ನು ಬರೆದಿಡಬೇಕು ಎಂದು ನಾವು ಭಾಷಣಗಳಲ್ಲಿ ಹೇಳುತ್ತಲೇ ಇರುತ್ತೇವೆ. ಇವತ್ತು ಅದೇನೂ ಬ್ರಹ್ಮವಿದ್ಯೆಯಲ್ಲ. ಒಂದು ಸಾಲಿಗೆ ಒಂದು ಪದ, ಪಕ್ಕದಲ್ಲಿ ಅರ್ಥ, ಹೇಳಿದ ಊರು. ಯುನಿಕೋಡಿನಲ್ಲಿ ಸಾದಾ ಫೈಲು ಸಾಕು. ಪದ ಸೇರಿಸಿದಾಗ, ತಿದ್ದಿದಾಗ ಯಾರು, ಯಾವತ್ತು ಮಾಡಿದರೆಂದು ದಾಖಲಿಸಲು ಗಿಟ್ ಇದೆ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕೆಂದು ಬರೆದ ತಂತ್ರಾಂಶ ಅದು. ಪ್ರೋಗ್ರಾಮಿನ ಕೋಡಿಗೆ ಹೇಗೋ ಪದಪಟ್ಟಿಗೂ ಹಾಗೆಯೇ ಒದಗುತ್ತದೆ.

ನಮ್ಮ ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಹುಡುಗರು ಉತ್ಸಾಹದಿಂದ ಎಲ್ಲವನ್ನೂ ಯಾವುದೋ ಒಂದು ಉಚಿತ ತಾಣಕ್ಕೆ ಪುಶ್ ಮಾಡಿ, ಇನ್ನು ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. ಚಿಂತೆ ಇದೆ! ಗೂಗಲ್ಲಿನಂಥ ದೊಡ್ಡ ಕಂಪನಿಯ ಗೂಗಲ್ ಕೋಡ್ 2016ರ ಜನವರಿಯಲ್ಲಿ ಬಾಗಿಲು ಹಾಕಿತು. ಗಿಟೋರಿಯಸ್ ಅದಕ್ಕೂ ಮೊದಲೇ, 2015ರಲ್ಲಿ ಮುಚ್ಚಿತು. ತಾಣ ಚೆನ್ನಾಗಿಯೇ ಇದ್ದರೂ ನಮ್ಮ ಕೈಗೆ ಸಿಗದೆ ಹೋಗಬಹುದು. 2014ರ ಡಿಸೆಂಬರಿನಲ್ಲಿ ನಮ್ಮದೇ ಸರ್ಕಾರ ತಡೆಹಿಡಿದ 32 ವಿಳಾಸಗಳಲ್ಲಿ ಗಿಟ್‌ಹಬ್‌ನ ಗಿಸ್ಟ್ ಪುಟಗಳೂ ಇಂಟರ್ನೆಟ್ ಆರ್ಕೈವೂ ಇದ್ದವು. ಆಮೇಲೆ ತೆರವಾಯಿತು, ನಿಜ. ಆದರೆ ಯಾರದೋ ಒಂದು ಆದೇಶಕ್ಕೆ ನಮ್ಮ ಅಜ್ಜಿಯ ಮಾತು ಬೀಗ ಹಾಕಿಸಿಕೊಳ್ಳಬೇಕೆ?

ಗಿಟ್ ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ಇಳಿಸಿಕೊಂಡ ಪ್ರತಿ ನಕಲಿನಲ್ಲೂ ಇಡೀ ಇತಿಹಾಸ ಇರುತ್ತದಲ್ಲ, ಇನ್ನೇನು ಭಯ ಎಂದು. ಸರಿಯೇ. ಆದರೆ ಆ ನಕಲು ಇರುವುದು ಯಾರದೋ ಲ್ಯಾಪ್‌ಟಾಪಿನಲ್ಲಿ. ಹುಡುಗನಿಗೆ ಕೆಲಸ ಸಿಕ್ಕಿ ಚೆನ್ನೈಗೋ ಬೆಂಗಳೂರಿಗೋ ಹೊರಟ, ಯಂತ್ರ ಫಾರ್ಮ್ಯಾಟ್ ಆಯಿತು, ಮುಗಿಯಿತು ಕಥೆ. ನೆನಪಿಟ್ಟು ನಕಲು ಮಾಡುವುದಕ್ಕಿಂತ ಪ್ರತಿ ಪುಶ್‌ನಲ್ಲೂ ತಾನಾಗಿಯೇ ಎರಡು ಮೂರು ಕಡೆ ಹೋಗುವಂತೆ ಮಾಡಿಡುವುದು ಲೇಸು.

ಅದಕ್ಕೆ ಬೇಕಾದ ಕಮಾಂಡು ಇಷ್ಟೇ: ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ --ಆಡ್ --ಪುಶ್ ಒರಿಜಿನ್, ಕೊನೆಗೆ ವಿಳಾಸ. (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ ಅನ್ನಿ!) ಒಂದು ಕೊಕ್ಕೆ ಇದೆ. ಹೀಗೆ ಹೊಸ ಪುಶ್ ವಿಳಾಸ ಕೊಟ್ಟ ಕೂಡಲೇ ಗಿಟ್ ಹಳೆಯದಕ್ಕೆ ತಳ್ಳುವುದನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಹಳೆಯ ವಿಳಾಸವನ್ನೂ ಇದೇ ಕಮಾಂಡಿನಿಂದ ಇನ್ನೊಮ್ಮೆ ಸೇರಿಸಬೇಕು. ಸೇರಿಸಿ, ಗಿಟ್ ರಿಮೋಟ್ -ವಿ ಎಂದು ಕೇಳಿ ನೋಡಿದರೆ ಪುಶ್ ಎಂಬ ಸಾಲು ಎರಡು ಕಡೆ ಕಾಣಬೇಕು. ತರುವುದು, ಅಂದರೆ ಫೆಚ್, ಮಾತ್ರ ಮೊದಲಿನಂತೆ ಒಂದೇ ಕಡೆಯಿಂದ. ಒಂದು ಕಡೆ ಹೋಗಿ ಇನ್ನೊಂದು ಕಡೆ ನಿರಾಕರಣೆ ಆಗುವುದೂ ಉಂಟು, ಹಾಗಾಗಿ ಪರದೆಯ ಮೇಲಿನ ಸಂದೇಶವನ್ನು ಕೊನೆಯವರೆಗೆ ಓದಬೇಕು. ಇದನ್ನಂತೂ ನಮ್ಮ ಮಕ್ಕಳಿಗೂ ಹೇಳೀ ಹೇಳೀ ಸಾಕಾಗಿದೆ...

ತಾಣದಲ್ಲಿ ನಡೆದ ಚರ್ಚೆ ಹೀಗೆ ಪ್ರಯಾಣ ಮಾಡುವುದಿಲ್ಲ. ಈ ಪದ ಕಂಬಂನಲ್ಲಿ ಹೀಗೆ, ಬೋಡಿಯಲ್ಲಿ ಹಾಗೆ ಎಂಬ ವಾದ ದೂರುಪಟ್ಟಿಯ ಪುಟದಲ್ಲೇ ಉಳಿದರೆ ಅದು ಆ ತಾಣದ ಜೊತೆಗೇ ಹೋಯಿತು. ಅಂಥ ಟಿಪ್ಪಣಿಗಳನ್ನು ಫೈಲಿನೊಳಗೇ ಬರೆಯಬೇಕು. ನಮಗೆ ಕೇಳಿದರೆ ಪದಗಳಷ್ಟೇ ಬೆಲೆ ಆ ಜಗಳಕ್ಕೂ ಇದೆ.

ಕಣಿವೆಯವರಿಗೆ ಇದನ್ನು ವಿವರಿಸುವುದು ಕಷ್ಟವಾಗಲಾರದು. 1895ರಿಂದ ಮುಲ್ಲಪೆರಿಯಾರ್ ನೀರಿನಿಂದ ಹಸಿರಾದ ನೆಲ ಅದು. ಆ ಅಣೆಕಟ್ಟಿನ ಜಗಳ 2011ರಲ್ಲಿ ಬೀದಿಗಿಳಿದಾಗ, ಮೂಲ ಬೇರೆಯವರ ನೆಲದಲ್ಲಿದ್ದರೆ ಹೇಗಿರುತ್ತದೆಂದು ಕಂಡವರು ಅವರು.

ಯಾವ ಯಾವ ಕಡೆ ಇಡಬೇಕು? ಒಂದು ಗಿಟ್‌ಹಬ್ ಇರಲಿ, ಹೆಚ್ಚು ಜನ ನೋಡುವುದು ಅಲ್ಲೇ. ಇನ್ನೊಂದು ಬೇರೆ ದೇಶದ, ಬೇರೆ ಒಡೆತನದ ತಾಣ, ಉದಾಹರಣೆಗೆ ಬರ್ಲಿನ್ನಿನ ಲಾಭರಹಿತ ಸಂಘ ನಡೆಸುವ ಕೋಡ್‌ಬರ್ಗ್. ಮೂರನೆಯದಕ್ಕೆ ಇಂಟರ್ನೆಟ್ಟೇ ಬೇಡ. ಗಿಟ್‌ಗೆ ಪೆನ್‌ಡ್ರೈವಿನ ಒಂದು ಫೋಲ್ಡರೂ ರಿಮೋಟೇ, ಬೇರ್ ರಿಪಾಸಿಟರಿ ಮಾಡಿಟ್ಟರೆ ಆಯಿತು. ಅದು ಕಂಬಂನಲ್ಲೇ, ಪದ ಹೇಳಿದವರ ಮನೆಯಲ್ಲೇ ಇರಲಿ. ಮತ್ತೆ, ಮೊದಲೆರಡು ತಾಣಗಳ ಖಾತೆಗೆ ಪ್ರವೇಶ ಇರುವವರು ಇಬ್ಬರಾದರೂ ಬೇಕು, ಅವರಲ್ಲೊಬ್ಬರು ಕಣಿವೆಯವರೇ ಆಗಿರಬೇಕು.